ರಸ್ತೆ ಏರುತ್ತಿದೆ, ಕಾಕಾ ಇಳಿಯುತ್ತಿದ್ದಾರೆ

ಕಲಬುರಗಿಯಲ್ಲಿ ಹೊಸ ಮನೆ ಕಟ್ಟುವವರು ಈಗ ವಾಸ್ತುವಿಗಿಂತ ಮೊದಲು ಕೇಳುವುದು ಒಂದೇ ಮಾತು: "ರೋಡಿಗಿಂತ ಎಷ್ಟು ಎತ್ತರ ಇಡಬೇಕ್ರಿ?" ಮೇಸ್ತ್ರಿ ಬೆರಳು ಮಡಚಿ ಲೆಕ್ಕ ಹಾಕುತ್ತಾನೆ. ಪಾಲಿಕೆ ಚುನಾವಣೆಗೆ ಒಂದು ಪದರ ಡಾಂಬರು, ವಿಧಾನಸಭೆಗೆ ಒಂದು, ಲೋಕಸಭೆಗೆ ಒಂದು. ನಡುವೆ ಯಾರಾದರೂ ಮಂತ್ರಿ ಈ ಕಡೆ ಮದುವೆಗೆ ಬಂದರೆ ಅದಕ್ಕೊಂದು. "ಮೂರು ಫೂಟ್ ಇಡ್ರಿ ಸಾಹೇಬ್ರ, ಮಕ್ಕಳ ಮದಿವಿ ತನಕ ಚಿಂತಿ ಇಲ್ಲ."

ಈ ಲೆಕ್ಕ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಮನೆ ಕಟ್ಟಿದವರು ನಮ್ಮ ಓಣಿಯ ಕಾಕಾ. ಆಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಅವರ ಮನೆಗೆ ಹೋಗಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು. ಮನೆ ಒಂದಿಂಚೂ ಕದಲಿಲ್ಲ. ಸಾಲ ತೀರಿದೆ, ಮಗ ಬೆಂಗಳೂರಿಗೆ ಹೋಗಿದ್ದಾನೆ, ಕಾಕಾ ಮಾತ್ರ ವರ್ಷ ವರ್ಷ ಊರಿಗಿಂತ ಕೆಳಗೆ ಹೋಗುತ್ತಿದ್ದಾರೆ. "ಮಳಿ ಬಂದ್ರ ಇಡೀ ಓಣಿ ನಮ್ಮ ಮನಿಗೆ ಬರ್ತದ ನೋಡ್ರಿ. ಚಾ ಒಂದು ಕೇಳಂಗಿಲ್ಲ, ಅಷ್ಟೇ" ಅನ್ನುತ್ತಾರೆ.

ಲೆಕ್ಕ ಕಷ್ಟದ್ದೇನಲ್ಲ. ಕೆಳಗಿನ ಪದರ 50 ಮಿಲಿಮೀಟರ್, ಮೇಲಿನದು 30. ಒಂದು ಸಲ ರಸ್ತೆ ಮಾಡಿದರೆ ಎಂಟು ಸೆಂಟಿಮೀಟರ್, ಅಂದರೆ ಅರ್ಧ ಮೆಟ್ಟಿಲು. ಹಳೆಯ ಪದರವನ್ನು ಕೆರೆದು ತೆಗೆದು ಹೊಸದು ಹಾಕಿದರೆ ರಸ್ತೆ ಇದ್ದಲ್ಲೇ ಇರುತ್ತದೆ. ಕೆರೆಯಲು ಮೆಷಿನ್ ಇದೆ. ಕೆರೆದ ಮಾಲನ್ನು ಹೊಸದಕ್ಕೆ ಬೆರೆಸಿ ಮತ್ತೆ ಬಳಸಬಹುದು. ಅದು ಹೇಗೆ ಅಂತ ದೇಶದ ರಸ್ತೆಗಳಿಗೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲೇ ಒಂದು ಪುಸ್ತಕ ಮಾಡಿ ಕೊಟ್ಟಿದೆ. ಆದರೆ ಕೆರೆಯುವುದು ಅಂದರೆ ತೆಗೆಯುವುದು, ಹಾಕುವುದು ಅಂದರೆ ಅಭಿವೃದ್ಧಿ. ತೆಗೆದದ್ದರ ಮುಂದೆ ನಿಂತು ಯಾರು ಫೋಟೋ ಹೊಡೆಸಿಕೊಳ್ಳುತ್ತಾರೆ ಹೇಳಿ?

ಅದೇ ಕಾರಣಕ್ಕೆ ರಸ್ತೆಯ ಕೆಳಗೆ ಏನಿದೆ ಅನ್ನುವುದೂ ಯಾರಿಗೂ ಬೇಡ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ತೊಗರಿಗೆ ಬಂಗಾರದಂಥ ಮಣ್ಣು, ರಸ್ತೆಗೆ ಮಾತ್ರ ಶನಿ. ಅದನ್ನು ಅಗೆದು ತೆಗೆದು, ಮುರುಮ್ ತುಂಬಿ, ಚೆನ್ನಾಗಿ ಕುಟ್ಟಿ, ಆಮೇಲೆ ಜಲ್ಲಿ ಹಾಸಬೇಕು. ಇಷ್ಟೆಲ್ಲ ಮಾಡಿದರೂ ಮೇಲಿನಿಂದ ಏನೂ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ತೆಂಗಿನಕಾಯಿ ಒಡೆಯಲು ಯಾರು ಬರುತ್ತಾರೆ?

ಇನ್ನು ಮುಹೂರ್ತದ ವಿಚಾರ. 1948ರಲ್ಲಿ ನಿಜಾಮನ ಆಡಳಿತ ಮುಗಿದ ನೆನಪಿಗೆ ಪ್ರತಿ ಸೆಪ್ಟೆಂಬರ್ 17ರಂದು ಇಲ್ಲಿ ಧ್ವಜ ಹಾರುತ್ತದೆ. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ದೊಡ್ಡವರು ಬರುತ್ತಾರೆ. ದೊಡ್ಡವರು ಬರುವ ದಾರಿಯಲ್ಲಿ ಗುಂಡಿ ಇರಬಾರದು, ಅಲ್ವಾ? ತೊಂದರೆ ಏನಂದ್ರೆ, ನಮ್ಮ ಕಡೆ ಮಳೆ ಜಾಸ್ತಿ ಹೊಡೆಯುವುದೂ ಸೆಪ್ಟೆಂಬರಿನಲ್ಲೇ. ಡಾಂಬರಿಗೆ ನೀರು ಕಂಡರೆ ಆಗುವುದಿಲ್ಲ. ಒದ್ದೆ ನೆಲದ ಮೇಲೆ ಹಾಕಿದರೆ ಹಿಡಿಯುವುದೇ ಇಲ್ಲ. ಆದರೆ ಡಾಂಬರಿನ ಇಷ್ಟ ಕಷ್ಟ ಕೇಳುತ್ತಾ ಕುಳಿತರೆ ಉತ್ಸವ ಆಗುತ್ತದೆಯೇ? ಕೆಲಸದವನೊಬ್ಬ ಗುಂಡಿಯಲ್ಲಿನ ನೀರನ್ನು ಕಸಬರಿಗೆಯಿಂದ ಆಚೆ ಗುಡಿಸುತ್ತಾನೆ, ಹಿಂದೆಯೇ ಇನ್ನೊಬ್ಬ ಸಲಿಕೆಯಿಂದ ಮಾಲು ಸುರಿಯುತ್ತಾನೆ, ಆಕಾಶ ಮೂರನೆಯವನಾಗಿ ಕೈ ಜೋಡಿಸುತ್ತದೆ. ಹದಿನೇಳಕ್ಕೆ ರಸ್ತೆ ಕಪ್ಪಗೆ ಮಿಂಚುತ್ತದೆ. ಇಪ್ಪತ್ತಕ್ಕೆ ಜಲ್ಲಿ ಒಂದೊಂದಾಗಿ ಎದ್ದು ಅಡ್ಡಾಡಲು ಹೋಗುತ್ತದೆ.

ಹಾಗಂತ ನಮ್ಮವರಿಗೆ ರಸ್ತೆ ಮಾಡಲು ಬರುವುದಿಲ್ಲ ಅಂತಲ್ಲ. ಬರುತ್ತದೆ, ಬಹಳ ಚೆನ್ನಾಗಿ ಬರುತ್ತದೆ. ನಮ್ಮ ಓಣಿಯ ಬಾಯಿಗೆ ಒಂದು ಫಂಕ್ಷನ್ ಹಾಲ್ ಇದೆ. ಅದರ ಪಾರ್ಕಿಂಗಿಗೆ ಡಾಂಬರು ಹಾಕಿದವರು ನಮ್ಮ ಓಣಿಗೆ ಹಾಕಿದವರೇ. ಅದೇ ಟಿಪ್ಪರ್, ಅದೇ ರೋಲರ್, ಹೊಗೆಸೊಪ್ಪು ತಿಕ್ಕುತ್ತಿದ್ದ ಅದೇ ಡ್ರೈವರ್. ಅಲ್ಲಿ ನಾಲ್ಕು ಮಳೆಗಾಲ ಕಳೆದರೂ ಒಂದು ಬಿರುಕಿಲ್ಲ.

ಗುಟ್ಟು ಇಷ್ಟೇ. ಫಂಕ್ಷನ್ ಹಾಲ್ ಮಾಲಕರು ಬೆಳಗ್ಗೆಯೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಪ್ಲಾಂಟಿನಿಂದ ಮಾಲು ಹೊರಡುವಾಗ ಸುಮಾರು 150 ಡಿಗ್ರಿ ಇರಬೇಕು, 90ಕ್ಕೆ ಇಳಿಯುವ ಮೊದಲೇ ರೋಲರ್ ಕೆಲಸ ಮುಗಿಯಬೇಕು ಅನ್ನುವುದನ್ನು ಎಲ್ಲಿಂದಲೋ ತಿಳಿದುಕೊಂಡು ಕೈಯಲ್ಲೊಂದು ಥರ್ಮಾಮೀಟರ್ ಹಿಡಿದಿದ್ದರು. ಮೊದಲ ಟಿಪ್ಪರ್ ತಾಡಪತ್ರಿ ಹೊದಿಸದೆ ಬಂತು. ಚುಚ್ಚಿ ನೋಡಿದರು. "ಇದು ಆರಿ ಹೋಗ್ಯಾದ, ವಾಪಸ್ ಒಯ್ಯಿ" ಅಂದರು. ಒಯ್ದರು! ಸರಕಾರಿ ಕೆಲಸದಲ್ಲಿ ಟಿಪ್ಪರ್ ವಾಪಸ್ ಹೋದದ್ದನ್ನು ನಾನಂತೂ ಕಂಡಿಲ್ಲ. ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಬಿಡಿಸಿದರು. ಹನಿ ನೀರು ನಿಲ್ಲುವುದಿಲ್ಲ. ಎಲ್ಲ ಸರಾಗವಾಗಿ ಹರಿದು ನಮ್ಮ ಓಣಿಗೆ ಬರುತ್ತದೆ, ಅಲ್ಲಿಂದ ಕಾಕಾನ ಪಡಸಾಲೆಗೆ.

ಓಣಿಯ ಸರದಿ ಬಂದಾಗ ನಡೆದದ್ದು ಬೇರೆ ಕಥೆ. ಬೆಳಗ್ಗೆ ಹತ್ತಕ್ಕೆ ಮೇಸ್ತ್ರಿ ಮನೆ ಮನೆ ಬಾಗಿಲು ಬಡಿದ. "ಕಾಕಾ, ಥೋಡೆ ಮಾಲು ಉಳದದ್ರಿ. ಅಂಗಳಕ್ಕ ಹಾಕ್ಲೇನು? ಚಾ-ಪಾಣಿ ಕೊಟ್ರ ಸಾಕು." ಕಿರಾಣಿ ಅಂಗಡಿಯವರು ಕಟ್ಟೆಯ ತನಕ ಹಾಕಿಸಿಕೊಂಡರು. ಟ್ಯೂಷನ್ ಕ್ಲಾಸಿನವರು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಹಾಕಿಸಿಕೊಂಡರು. ಕಾರು ಇಲ್ಲದವರೊಬ್ಬರು ಮುಂದೆ ತಗೊಂಡರೆ ಬೇಕಾಗುತ್ತದೆ ಅಂತ ಕಾರಿನಷ್ಟು ಜಾಗಕ್ಕೆ ಹಾಕಿಸಿಕೊಂಡರು. ಸಂಜೆ ಐದಕ್ಕೆ ಓಣಿಯ ಕೊನೆ ಇನ್ನೂ ದೂರ ಇರುವಾಗಲೇ ಮೇಸ್ತ್ರಿ ಕೈ ಝಾಡಿಸಿದ. ಮಾಲು ಸಾಲಲಿಲ್ಲವಂತೆ. ಬೆಳಗ್ಗೆ ಉಳಿದಿದ್ದು ಸಂಜೆ ಹೇಗೆ ಸಾಲದೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವರೆಲ್ಲ ತಮ್ಮ ತಮ್ಮ ಹೊಸ ಅಂಗಳದ ಮೇಲೆ ನಿಂತಿದ್ದರು.

ಕಾಕಾ ಕೂಡ ಹಾಕಿಸಿಕೊಂಡರು. ಅವರ ಅಂಗಳದಲ್ಲಿ ಒಳ್ಳೆಯ ಶಹಾಬಾದ್ ಕಲ್ಲು ಹಾಸಿತ್ತು. ಪೈಪ್ ಒಡೆದರೆ ಕಲ್ಲು ಎತ್ತಿ ರಿಪೇರಿ ಮಾಡಿ ಮತ್ತೆ ಅಲ್ಲೇ ಕೂರಿಸಬಹುದು. ಇಲ್ಲೇ ಪಕ್ಕದಲ್ಲಿ ಸಿಗುವ ಕಲ್ಲು, ಮಹಾರಾಷ್ಟ್ರದವರು ಲಾರಿಗಟ್ಟಲೆ ಒಯ್ಯುತ್ತಾರೆ. ಅದರ ಮೇಲೆ ಎರಡಿಂಚು ಡಾಂಬರು ಬಿತ್ತು. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ಮುಟ್ಟಿದ ದಿನ ಕಾಕು ಹೊರಗೆ ಬಂದು ನೋಡಿದರು. "ರಂಗೋಲಿ ಭಾಳ ಛಲೋ ಕಾಣ್ತದ. ಖರೆ ಕಾಲು ಇಡಾಕ ಬರಂಗಿಲ್ಲ." ಚಪ್ಪಲಿ ಒಂದು ಅಂಟಿಕೊಂಡೇ ಉಳಿಯಿತು.

ನಡುವೆ ಸ್ಪೀಡ್ ಬ್ರೇಕರ್ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಿಯಮದ ಪ್ರಕಾರ ಅದರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮ ಓಣಿಯ ಮಾಜಿ ಮುಖಂಡರ ಮನೆ ಮುಂದಿನದು ಎತ್ತರದಲ್ಲಿ ಇದರ ದುಪ್ಪಟ್ಟು, ಅಗಲದಲ್ಲಿ ಒಂದು ಮೊಳ. ಪ್ರತಿ ಸಲ ಹೊಸ ಡಾಂಬರು ಬಿದ್ದಾಗ ಅದು ಮುಳುಗುತ್ತದೆ. ಪ್ರತಿ ಸಲ ಅದೇ ರಾತ್ರಿ ಹೊಸದು ಏಳುತ್ತದೆ. ರಸ್ತೆಗೆ ಅನುದಾನ ಬರಲು ವರ್ಷ ಬೇಕು, ಬ್ರೇಕರಿಗೆ ಒಂದು ಫೋನ್ ಸಾಕು.

ಹೊಸ ರಸ್ತೆಗೆ ತಿಂಗಳು ತುಂಬುವ ಮೊದಲೇ ಒಳಚರಂಡಿ ಕಟ್ಟಿಕೊಂಡಿತು. ಜೆಸಿಬಿ ಬಂತು. ಜೊತೆಗೆ ಬಂದ ನಾಲ್ಕು ಜನ ಚೇಂಬರ್ ಹುಡುಕಿದರು. ಎಲ್ಲಿದೆ ಚೇಂಬರ್? ಮುಚ್ಚಳದ ಮೇಲೆ ಎಷ್ಟು ಸರಕಾರಗಳ ಡಾಂಬರು ಬಿದ್ದಿದೆಯೋ ಯಾರಿಗೆ ಗೊತ್ತು? ನಕ್ಷೆ ಇಲ್ಲ. ಸನ್ನತಿಯಲ್ಲಿ ಅಶೋಕನ ಕಾಲದ್ದನ್ನು ಅಗೆದು ತೆಗೆದ ಜಿಲ್ಲೆ ನಮ್ಮದು, ಆದರೆ ಈ ಅಗೆತಕ್ಕೆ ಪುರಾತತ್ವ ಇಲಾಖೆಯವರು ಬರುವುದಿಲ್ಲ. ಕಬ್ಬಿಣದ ಸಲಾಕೆಯಿಂದ ರಸ್ತೆ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಓಣಿ ಪೂರ್ತಿ ನಡೆದರು. ಕೊನೆಗೆ ಒಬ್ಬ ಬಗ್ಗಿ ಕಾಕಾನ ಕಿಟಕಿಯಲ್ಲಿ ಇಣುಕಿದ.

"ಕಾಕಾ, ನೀವು ಹಳಬರು. ಚೇಂಬರ್ ಎಲ್ಲದ ನೆನಪದೇನ್ರಿ?"

ಕಾಕಾ ಮೇಲೆ ಹತ್ತಿ ಬಂದರು. ಬೇವಿನ ಮರದಿಂದ ಹೆಜ್ಜೆ ಹಾಕಿ, ಮುಖಂಡರ ಮನೆಯ ಗೇಟಿನ ಎದುರು ನಿಂತು, ಕಾಲಿಂದ ಒಂದು ಗೆರೆ ಎಳೆದರು. "ಇಲ್ಲೇ ಅದ. ಅಗೀರಿ."

ಅಗೆದರು. ಎರಡು ಪದರ ಕೆಳಗೆ ಗಟ್ಟಿಯಾಗಿ ಏನೋ ತಾಗಿತು. ಮಣ್ಣು ಸರಿಸಿ ನೋಡಿದರೆ ಹಳೆಯ ಸ್ಪೀಡ್ ಬ್ರೇಕರ್, ಬಿಳಿ ಪಟ್ಟೆ ಸಮೇತ. ಅದರ ಕೆಳಗೆ ಇನ್ನೊಂದು.