ಸೀರೆಯನ್ನು ಬಿಸಿಲಲ್ಲಿ ನೋಡ್ತೀವಿ, ಲ್ಯಾಪ್‌ಟಾಪ್ ಯಾಕೆ ನೋಡಲ್ಲ?

ನಮ್ಮಮ್ಮ ಯಾವ ಸೀರೆಯನ್ನೂ ಅಂಗಡಿ ಒಳಗೆ ಕೂತು ಒಪ್ಪಿದವರಲ್ಲ. ದೇವರಾಜ ಅರಸು ರಸ್ತೆಯ ಎಷ್ಟೇ ದೊಡ್ಡ ಅಂಗಡಿ ಆಗಲಿ, ಸೆರಗನ್ನು ಕೈಮೇಲೆ ಹಾಕಿಕೊಂಡು ಸೀದಾ ಬಾಗಿಲಿಗೆ ಬರುತ್ತಾರೆ. ಬಿಸಿಲಿಗೆ ಹಿಡಿದು ಒಂದು ಸಲ, ನೆರಳಿಗೆ ಹಿಡಿದು ಒಂದು ಸಲ. "ಲೈಟಲ್ಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ ಕಣೋ" ಅನ್ನೋದು ಅವರ ಮಾತು. ಅಂಥ ತಾಯಿಯ ಮಗ ನಾನು ಎಪ್ಪತ್ತು ಸಾವಿರ ಕೊಟ್ಟು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡಾಗ ಪರದೆ ನೋಡಿದ್ದು ಎರಡೇ ನಿಮಿಷ. ಅದೂ ಅಂಗಡಿಯವರೇ ಹಾಕಿಟ್ಟಿದ್ದ ವಿಡಿಯೊ. ಗಿಳಿ ಹಾರುತ್ತಿತ್ತು, ಜಲಪಾತ ಬೀಳುತ್ತಿತ್ತು. ಬಿಲ್ ಹಾಕಿಸಿಬಿಟ್ಟೆ.

ಈ ಹಳೇ ಕಥೆ ಈಗ ನೆನಪಾಗಿದ್ದು ಅಕ್ಕನ ಮಗನಿಂದ. ಮಂಡ್ಯದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಹೋದ ತಿಂಗಳು ಫೋನ್ ಮಾಡಿದ.

"ಮಾವ, ಅಪ್ಪ ಎಪ್ಪತ್ತು ಸಾವ್ರ ಅಂತ ಹೇಳವ್ರೆ. ಆರ್‌ಟಿಎಕ್ಸ್ 4050 ಒಂದು ನೋಡಿವ್ನಿ. ತಗಂಬುಡ್ಲಾ?"

"ಪರದೆ ಹೆಂಗಿದೆಯೋ?"

"144 ಹರ್ಟ್ಜ್ ಮಾವ."

"ಅದು ಸರಿ, ಪರದೆ ಹೆಂಗಿದೆ?"

"ಅದೇ ಹೇಳುದ್ನಲ್ಲ, 144 ಹರ್ಟ್ಜ್."

ಆರ್‌ಟಿಎಕ್ಸ್ 4050 ಅನ್ನೋದು ಗೇಮ್‌ನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಹೆಸರು, 144 ಹರ್ಟ್ಜ್ ಅನ್ನೋದು ಪರದೆಯ ವೇಗ. ಅವನ ತಪ್ಪೇನಿಲ್ಲ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಇರೋದೇ ಅದು.

ನಾನು ಕುವೆಂಪುನಗರದ ಮನೆಯಲ್ಲೇ ಕೂತು ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಕಡೆಯ ಸ್ಟುಡಿಯೊಗಳವರು ಫೋಟೋ ಕಳಿಸುತ್ತಾರೆ. ಹಗಲು ಆಲ್ಬಂ, ರಾತ್ರಿ ಎರಡು ಗಂಟೆ ಗೇಮ್, ಎರಡಕ್ಕೂ ಒಂದೇ ಲ್ಯಾಪ್‌ಟಾಪ್ ಅನ್ನೋದು ನನ್ನ ಲೆಕ್ಕ ಆಗಿತ್ತು. ಅದರಲ್ಲಿ ಮಾಡಿದ ಮೊದಲನೇ ಆಲ್ಬಂ ಮಂಡ್ಯ ಕಡೆಯ ಒಂದು ಮದುವೆದು. ಆರತಕ್ಷತೆಗೆ ಹುಡುಗಿ ಮರೂನ್ ಬಣ್ಣದ ಮೈಸೂರು ಸಿಲ್ಕ್ ಉಟ್ಟಿದ್ದಳು. ನನ್ನ ಪರದೆಯಲ್ಲಿ ಅದು ಹಳೇ ಇಟ್ಟಿಗೆ ಬಣ್ಣಕ್ಕೆ ಕಾಣುತ್ತಿತ್ತು. ಫೋಟೋಗ್ರಾಫರ್ ಲೈಟಿಂಗ್ ಕೆಡಿಸಿದ್ದಾನೆ ಅಂತ ಅವನನ್ನು ಬೈದುಕೊಂಡು ಬಣ್ಣ ಏರಿಸಿದೆ. ಸಾಲಲಿಲ್ಲ. ಇನ್ನೊಂದಿಷ್ಟು ಏರಿಸಿದೆ. ನನ್ನ ಕಣ್ಣಿಗೆ ಸರಿ ಅನ್ನಿಸಿದ ಮೇಲೆ ಪ್ರಿಂಟಿಗೆ ಕಳಿಸಿದೆ.

ಆಲ್ಬಂ ಕೈಗೆ ಬಂದಾಗ ಸೀರೆಗೆ ಬೆಂಕಿ ಹತ್ತಿದ ಹಾಗಿತ್ತು. ಮುಖಗಳೆಲ್ಲ ಬಿಸಿಲಲ್ಲಿ ಜಾತ್ರೆ ಸುತ್ತಿ ಬಂದವರ ಹಾಗೆ ಕೆಂಪು. ಹುಡುಗಿಯ ತಾಯಿ ಮನೆಗೇ ಬಂದರು. ಜಗಳ ಆಡಲಿಲ್ಲ. ಕವರಿನಿಂದ ಅದೇ ಸೀರೆ ತೆಗೆದು, ಮಡಿಕೆ ಬಿಚ್ಚದೆ, ತೆರೆದ ಪುಟದ ಮೇಲೆ ಇಟ್ಟರು. "ನೀವೇ ಹೇಳಿ" ಅಂದರು. ನಾನೇನು ಹೇಳಲಿ? ಇಡೀ ಆಲ್ಬಂ ಕೈಯಿಂದ ದುಡ್ಡು ಹಾಕಿ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ.

ಆಮೇಲೆ ಕೂತು ಓದಿದೆ. ನನ್ನ ಪರದೆಯ ವಿವರದಲ್ಲಿ ಸಣ್ಣಕ್ಷರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಇತ್ತು. ಎನ್‌ಟಿಎಸ್‌ಸಿ ಅನ್ನೋದು 1953ರಲ್ಲಿ ಅಮೆರಿಕದ ಕಲರ್ ಟಿವಿಗೆ ಅಂತ ಮಾಡಿದ ಬಣ್ಣದ ಅಳತೆ. ಇವತ್ತು ನಮ್ಮ ಫೋಟೋ, ವೆಬ್‌ಸೈಟ್, ಹೆಚ್ಚಿನ ಗೇಮ್‌ಗಳು ಲೆಕ್ಕ ಹಿಡಿಯೋದು 1996ರಲ್ಲಿ ಬಂದ ಎಸ್‌ಆರ್‌ಜಿಬಿ ಅನ್ನೋ ಅಳತೆಯನ್ನು. ಪೂರ್ತಿ ಎಸ್‌ಆರ್‌ಜಿಬಿ ತೋರಿಸುವ ಪರದೆ ಹಳೇ ಅಳತೆಯಲ್ಲಿ 72% ಬರುತ್ತದೆ. 45% ಅಂದರೆ ಬೇಕಾದ ಬಣ್ಣದಲ್ಲಿ ಹತ್ತಕ್ಕೆ ಆರು ಪಾಲಿಗಿಂತ ಚೂರು ಜಾಸ್ತಿ ಅಷ್ಟೇ. ಕಡು ಕೆಂಪು, ಕಡು ಹಸಿರು ಮೊದಲು ಹೋಗುತ್ತವೆ. ಅಂದರೆ ಕುಂಕುಮ, ವೀಳ್ಯದೆಲೆ, ರೇಷ್ಮೆ ಸೀರೆ, ನಮ್ಮ ಮದುವೆ ಮನೆಯಲ್ಲಿ ಇರೋದೆಲ್ಲ! ಬಣ್ಣ ಸರಿ ಮಾಡುವ ಯಂತ್ರವನ್ನೂ ಸ್ನೇಹಿತರ ಹತ್ತಿರ ತಂದು ಹಚ್ಚಿ ನೋಡಿದೆ. ಇರೋ ಬಣ್ಣವನ್ನು ಅದು ಸರಿಗೆ ಕೂರಿಸುತ್ತದೆ, ಇಲ್ಲದ್ದನ್ನು ಎಲ್ಲಿಂದ ತರುತ್ತೆ?

ಗೇಮಿಂಗ್ ಲ್ಯಾಪ್‌ಟಾಪ್ ತಾನೇ, ಆಲ್ಬಂ ಕೆಲಸಕ್ಕೆ ಯಾರು ತಗೋ ಅಂದರು ಅಂತ ಕೇಳಬಹುದು. ಸರಿ, ಗೇಮ್ ವಿಷಯಕ್ಕೇ ಬರೋಣ. 144 ಹರ್ಟ್ಜ್ ಅಂದರೆ ಸೆಕೆಂಡಿಗೆ 144 ಚಿತ್ರ, ಒಂದೊಂದಕ್ಕೆ ಸುಮಾರು 7 ಮಿಲಿಸೆಕೆಂಡ್. ಅಗ್ಗದ ಪರದೆಯ ಚುಕ್ಕೆಗಳು ಒಂದು ಬಣ್ಣದಿಂದ ಇನ್ನೊಂದಕ್ಕೆ ತಿರುಗೋಕೆ 25 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ಹಿಂದಿನ ಚಿತ್ರ ಅಳಿಸುವ ಮೊದಲೇ ಮುಂದಿನ ಮೂರು ಬಂದು ಕೂತಿರುತ್ತವೆ. ಓಡುವ ಶತ್ರುವಿನ ಹಿಂದೆ ನೆರಳಿನ ಬಾಲ. ಇದನ್ನು ನೋಡೋಕೆ ಗೇಮೇ ಬೇಕಿಲ್ಲ. ಯಾವುದಾದರೂ ಕನ್ನಡ ಪತ್ರಿಕೆಯ ವೆಬ್‌ಸೈಟ್ ತೆಗೆದು ಪುಟವನ್ನು ಮೆಲ್ಲಗೆ ಮೇಲೆ ತಳ್ಳುತ್ತಾ ಓದಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಲಸಿಕೊಂಡರೆ ಆ 144 ಬರೀ ಡಬ್ಬಿ ಮೇಲಿನ ನಂಬರ್. ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಅಕ್ಷರದಲ್ಲೇ ಇದು ಬೇಗ ಸಿಕ್ಕಿಬೀಳುತ್ತದೆ.

ಬೆಳಕಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಪರದೆ ಇಟ್ಟುಕೊಂಡು ಮಧ್ಯಾಹ್ನ ಕಿಟಕಿ ಪಕ್ಕ ಕೂತು ಕತ್ತಲೆ ಸೀನ್ ಬರುವ ಗೇಮ್ ಆಡಿದರೆ ನಿಮ್ಮ ಮುಖ ನೀವೇ ನೋಡಿಕೊಳ್ಳಬಹುದು. 300 ಇದ್ದರೆ ನಡೆಯುತ್ತೆ.

ಇನ್ನು ಓಟದ ವಿಷಯ. ಹುಡುಗರು ಗ್ರಾಫಿಕ್ಸ್ ಕಾರ್ಡಿನ ಹೆಸರೊಂದನ್ನೇ ನೋಡುತ್ತಾರೆ. 4050 ಅನ್ನೋ ಒಂದೇ ಹೆಸರಿನ ಕಾರ್ಡಿಗೆ ಲ್ಯಾಪ್‌ಟಾಪ್ ಕಂಪನಿಯವರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದು. ಅದರ ಹಿಂದಿನ ತಲೆಮಾರಿನ 3050ಗೆ 35ರಿಂದ 80. ಅದೇ ಪಂಪ್‌ಸೆಟ್ಟು, ಒಬ್ಬರ ಹೊಲದಲ್ಲಿ ಪೂರ್ತಿ ವೋಲ್ಟೇಜ್, ಇನ್ನೊಬ್ಬರ ಹೊಲದಲ್ಲಿ ಅರ್ಧ. ನೀರು ಒಂದೇ ಸಮ ಬರುತ್ತಾ? ಕಮ್ಮಿ ವ್ಯಾಟಿನ 4050ಗೆ ಸುಮ್ನೆ ಹೆಸರಿನ ದುಡ್ಡು ಕೊಟ್ಟ ಹಾಗೆ. ಅಂಗಡಿಯಲ್ಲಿ ಇದನ್ನು ಕೇಳಿದರೆ ಅಲ್ಲಿನ ಹುಡುಗನಿಗೂ ಗೊತ್ತಿರಲ್ಲ, ಪಾಪ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ಸಿಸ್ಟಂ ಇನ್ಫರ್ಮೇಶನ್ ಒತ್ತಿದರೆ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅಂತ ಬರೆದಿರುತ್ತದೆ. ಅದಕ್ಕೂ ಬಿಡದಿದ್ದರೆ ಚಾರ್ಜರ್ ತಿರುಗಿಸಿ. 20 ವೋಲ್ಟ್, 7.5 ಆಂಪ್ ಅಂತಿದ್ದರೆ ಗುಣಿಸಿ, 150 ವ್ಯಾಟ್. ಪ್ರೊಸೆಸರ್, ಪರದೆ, ಫ್ಯಾನ್ ಎಲ್ಲ ಅದರಲ್ಲೇ ಉಣ್ಣಬೇಕು. ಕಾರ್ಡಿಗೆ ಎಷ್ಟು ಉಳಿಯುತ್ತೆ ಅಂತ ಅಲ್ಲೇ ಅಂದಾಜು ಸಿಗುತ್ತದೆ.

ಮೊದಲ ಹತ್ತು ನಿಮಿಷದ ಎಫ್‌ಪಿಎಸ್, ಅಂದರೆ ಗೇಮ್ ಸೆಕೆಂಡಿಗೆ ಎಷ್ಟು ಚಿತ್ರ ಕೊಡುತ್ತೆ ಅನ್ನೋ ಲೆಕ್ಕ, ನಂಬಬೇಡಿ. ಅರ್ಧ ಗಂಟೆ ಆದ ಮೇಲೆ ಬರೋದೇ ನಿಜವಾದದ್ದು. ಏಪ್ರಿಲ್ ತಿಂಗಳಲ್ಲಿ ಅಕ್ಕನ ಮನೆಗೆ ನನ್ನ ಲ್ಯಾಪ್‌ಟಾಪ್ ತಗೊಂಡು ಹೋಗಿ ಜಿಟಿಎ ಆಡಿದ್ದೆ, ಫ್ಯಾನ್ ಸದ್ದಿಗೆ ಭಾವ ಆಚೆಯಿಂದ ಬಂದು "ಏನ್ ಆಲೆಮನೆ ಇಟ್ಕೊಂಡಿದ್ದೀಯಾ?" ಅಂದರು. ಪ್ರೊಸೆಸರ್ 95 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಂಡಿತ್ತು. ಅಷ್ಟರಲ್ಲಿ ಕರೆಂಟೂ ಹೋಯಿತು. ಬ್ಯಾಟರಿ ಮೇಲೆ ಇವು ಗೇಮಿಂಗ್ ಲ್ಯಾಪ್‌ಟಾಪ್‌ಗಳೇ ಅಲ್ಲ. 50 ವ್ಯಾಟ್ ಅವರ್ ಬ್ಯಾಟರಿಯಿಂದ 100 ವ್ಯಾಟ್ ಎಳೆದರೆ ಅರ್ಧ ಗಂಟೆಗೆ ಖಾಲಿ, ಅದಕ್ಕೇ ಅದು ಮೊದಲೇ ಕೈಕಟ್ಟಿ ಕೂರುತ್ತದೆ.

ಆದರೂ ಓಟ ಕಮ್ಮಿಯಾದರೆ ದಾರಿ ಇದೆ. ಗೇಮ್ ಸೆಟ್ಟಿಂಗಿನಲ್ಲಿ ಶಾಡೋ (ನೆರಳು) ಅಲ್ಟ್ರಾದಿಂದ ಮೀಡಿಯಂಗೆ ಇಳಿಸಬಹುದು. ನನ್ನದರಲ್ಲಿ ಒಂದೇ 8 ಜಿಬಿ ರ‍್ಯಾಮ್ ಕಡ್ಡಿ ಇತ್ತು. ಪಕ್ಕದ ಸ್ಲಾಟಿಗೆ ಇನ್ನೊಂದು ಹಾಕಿಸಿದೆ, ಗೇಮ್ ಮಧ್ಯೆ ತಡವರಿಸೋದು ನಿಂತಿತು. ಫ್ಯಾನ್ ಧೂಳು ತೆಗೆಸಬಹುದು. ಪರದೆಯ ಬಣ್ಣಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಪ್ಯಾನೆಲ್ಲೇ ಬದಲಾಯಿಸುವವರು ಇದ್ದಾರೆ. ಆದರೆ ಹೊಸ ಲ್ಯಾಪ್‌ಟಾಪ್ ವಾರಂಟಿ ಪಕ್ಕಕ್ಕಿಟ್ಟು ಬಿಚ್ಚಿಸೋಕೆ ನನಗೆ ಧೈರ್ಯ ಸಾಲಲಿಲ್ಲ. ಮನೆಯಲ್ಲೇ ಒಂದು ಕಡೆ ಇಟ್ಟು, ಒಳ್ಳೇ ಮಾನಿಟರ್‌ಗೆ ವೈರ್ ಹಾಕಿ ಆಡುವವರಾದರೆ ನನ್ನ ಮಾತು ಬಿಟ್ಟುಬಿಡಿ, ಕಾರ್ಡಿಗೇ ದುಡ್ಡು ಹಾಕಿ. ಹಾಸ್ಟೆಲ್, ಬಸ್ಸು, ಅಕ್ಕನ ಮನೆ ಅಂತ ಓಡಾಡುವ ಹುಡುಗರಿಗೆ ಹೇಳ್ತಾ ಇರೋದು.

ಅಳಿಯನನ್ನು ಮೈಸೂರಿಗೆ ಕರೆಸಿಕೊಂಡೆ. ಪೆನ್‌ಡ್ರೈವಿನಲ್ಲಿ ನನ್ನವೇ ನಾಲ್ಕು ಫೋಟೋ: ಅರಿಶಿನ ಕುಂಕುಮದ ತಟ್ಟೆ, ಅಮ್ಮನ ಮುಖ, ಒಂದು ರೇಷ್ಮೆ ಸೀರೆ, ಬರೀ ಕಪ್ಪು. ಅಂಗಡಿಯವರ ಗಿಳಿ ವಿಡಿಯೊ ನಿಲ್ಲಿಸಿ ಇವನ್ನು ಹಾಕಿದೆ. ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ. ಅವನು ಆಸೆಪಟ್ಟಿದ್ದ 4050ಯಲ್ಲಿ ಕುಂಕುಮ ಕಾವಿಮಣ್ಣಿನ ಹಾಗಿತ್ತು. ಪಕ್ಕದ್ದರಲ್ಲಿ 6 ಜಿಬಿ ಮೆಮೊರಿಯ 3050 ಕಾರ್ಡು, ಪರದೆ 100% ಎಸ್‌ಆರ್‌ಜಿಬಿ. ಹುಡುಗ ಎರಡನ್ನೂ ನೋಡಿದ, ನನ್ನ ಮುಖ ನೋಡಿದ. ಎರಡನ್ನೂ ಗಾಜಿನ ಬಾಗಿಲ ಹತ್ತಿರ ಬೆಳಕಿಗೆ ತಂದು ತೋರಿಸಿ ಅಂತ ಕೇಳಿದಾಗ ಅಂಗಡಿ ಹುಡುಗ ಸ್ವಲ್ಪ ಗೊಣಗಿದ, ಆದರೂ ತಂದ.

3050ಯೇ ತಗೊಂಡೆವು. ಮನೆಗೆ ಹೋಗಿ ಎರಡು ದಿನಕ್ಕೆ ಫೋನ್ ಬಂತು, "ಫ್ರೇಮ್ ಕಮ್ಮಿ ಬತ್ತಾವೆ ಮಾವ." ಸೆಟ್ಟಿಂಗ್ ಹೇಳಿಕೊಟ್ಟೆ. ಸ್ವಲ್ಪ ಮುನಿಸು ಇನ್ನೂ ಇದೆ ಅವನಿಗೆ, ಅದು ನ್ಯಾಯವೇ. ಗೆಳೆಯನ ಹತ್ತಿರ 4050 ಇದೆಯಂತೆ.

ಹೋದ ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ನನ್ನ ಹಳೇ ಹಾರ್ಡ್ ಡಿಸ್ಕ್ ಚುಚ್ಚಿ, ಆ ಮದುವೆ ಆಲ್ಬಂನ ಮೊದಲನೇ ಫೈಲ್ ತೆಗೆದ. ಆರತಕ್ಷತೆ ಪುಟ ಬಂತು. ಸೀರೆ ಧಗಧಗ ಅಂತ ಉರಿಯುತ್ತಿತ್ತು. ನಾನು ಸರಿ ಅಂತ ಪ್ರಿಂಟಿಗೆ ಕಳಿಸಿದ್ದ ಅದೇ ಫೈಲು.

"ಮಾವ, ಇಷ್ಟು ಕೆಂಪು ಕಾಣ್ಲೇ ಇಲ್ವಾ ನಿಮ್ಗೆ?"

ಅಡುಗೆ ಮನೆಯಿಂದ ಅಮ್ಮ ಬಗ್ಗಿ ನೋಡಿದರು. ನೋಡಿ, ಏನೂ ಹೇಳದೆ ಒಳಗೆ ಹೋದರು.