ಮಠದ ಜಗಲಿಯ ಮೇಲೆ ಹಾಲಿನ ಕ್ಯಾನು

ಗೋವಾದಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಹಾಸನದಿಂದ ನೆಂಟರು ಬಂದಾಗಲೆಲ್ಲ ಅವರನ್ನು ಹಳೆ ಗೋವಾದ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ತಾಗಿಕೊಂಡಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇನೆ. ವೀರಗಲ್ಲು, ಮಾಸ್ತಿಗಲ್ಲುಗಳಿರುವುದರಿಂದ ಹಳೇಬೀಡು ಕಂಡು ಬೆಳೆದವರಿಗೆ ಅದು ಪರಸ್ಥಳವೆನಿಸುವುದಿಲ್ಲ. ನನ್ನ ಕುತೂಹಲ ಮಾತ್ರ ಕಲ್ಲುಗಳಿಗಿಂತ ಅವನ್ನಿಟ್ಟಿರುವ ಮನೆಯ ಮೇಲೆ. ಅದು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠ. 1517ರಲ್ಲಿ ಗೋವಾಕ್ಕೆ ಬಂದ ಆ ಪಂಥದವರು ಮೂರು ಶತಮಾನ ಬಾಳಿದ ಮೇಲೆ, 1834ರಲ್ಲಿ ಪೋರ್ಚುಗಲ್ ಸರ್ಕಾರ ಸಂನ್ಯಾಸಿ ಪಂಥಗಳನ್ನೇ ರದ್ದುಮಾಡಿ ಆಸ್ತಿಯನ್ನು ವಶಪಡಿಸಿಕೊಂಡಿದ್ದರಿಂದ, ಮರುವರ್ಷ ಇಲ್ಲಿನ ಮಠಗಳೂ ಬರಿದಾದವು. ವಸ್ತುಸಂಗ್ರಹಾಲಯವಾದದ್ದು 1964ರಲ್ಲಿ. ಮಠವನ್ನು ಬರಿದುಮಾಡಿದ ಆಳ್ವಿಕೆಯ ವೈಸರಾಯರು ಈಗ ಅದೇ ಮಠದ ಗೋಡೆಗಳ ಮೇಲೆ ಚಿತ್ರಪಟಗಳಾಗಿ ಸಾಲಾಗಿ ನಿಂತಿರುವುದನ್ನು ಕಂಡಾಗ ನನಗೆ ಪ್ರತಿಸಲವೂ ನಗು ಬರುತ್ತದೆ.

ಅರಸೀಕೆರೆ ಕಡೆಯ ನಮ್ಮೂರಿನ ಮಠವನ್ನು ಯಾರೂ ರದ್ದುಮಾಡಲಿಲ್ಲ. ಕೊನೆಯ ಸ್ವಾಮಿಗಳ ನಂತರ ಪಟ್ಟಕ್ಕೆ ಬರುವವರಿಲ್ಲದೆ ಬಾಗಿಲು ಮುಚ್ಚಿತು; ಶಾಲೆಯ ಚಾವಣಿ ಕುಸಿದ ವರ್ಷ ಮಕ್ಕಳು ಅಲ್ಲಿ ಕುಳಿತರು; ಈಗ ಹಾಲಿನ ಡೈರಿಯಿದೆ. ಸಂಜೆ ಐದಕ್ಕೆ ಜಗಲಿಯ ಮೇಲೆ ಕ್ಯಾನುಗಳು ಸಾಲುಗಟ್ಟುತ್ತವೆ. ಕಾರ್ಯದರ್ಶಿ ಮೊದಲು ಒಳಗಿನ ಗದ್ದುಗೆಗೆ ದೀಪ ಹಚ್ಚಿ, ಕೈ ಒರೆಸಿಕೊಂಡು, ಆಮೇಲೆ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಸುತ್ತಾನೆ. ಮಠ ಕೆಟ್ಟುಹೋಯಿತೆಂದು ಪೇಟೆಯಿಂದ ಬಂದ ನಮ್ಮ ಬಂಧುಗಳು ಮರುಗುವುದುಂಟು. ಆ ಮರುಕ ನನಗೆ ಒಪ್ಪಿಗೆಯಿಲ್ಲ. ದಿನಕ್ಕೆರಡು ಸಲ ಊರೇ ಬಂದುಹೋಗುವ ಮನೆಗೆ ಗೆದ್ದಲು ಹಿಡಿಯುವುದು ಕಷ್ಟ. ಸಂಜೆ ಬೀಗ ಬಿದ್ದ ಮೇಲೆ ಗೋವಾದ ಆ ಅಂಗಳದಲ್ಲಿ ಕಾವಲಿನವನ ಹೊರತು ಯಾರಿರುತ್ತಾರೆ?

ಆದರೂ ಒಂದು ವಿಷಯದಲ್ಲಿ ಗೋವಾದ ರೀತಿಯೇ ಮೇಲು. ಸಂರಕ್ಷಿತ ಸ್ಮಾರಕವಾದ್ದರಿಂದ ಅಲ್ಲಿ ಒಂದು ಕದವನ್ನೂ ಯಾರೂ ತಮ್ಮಿಷ್ಟದಂತೆ ಕೀಳುವಂತಿಲ್ಲ. ನಮ್ಮಲ್ಲಿ ಎಂಟು ವರ್ಷಗಳ ಹಿಂದೆ ಕೆತ್ತನೆಯ ಬಾಗಿಲವಾಡವನ್ನು ಕಿತ್ತು ಮಾರಿ, ಕ್ಯಾನು ಸಾಗಿಸಲು ಸಲೀಸೆಂದು ರೋಲಿಂಗ್ ಶಟರ್ ಹಾಕಿಸಿದರು. ಊರಿನ ಸಭೆಯಲ್ಲಿ ಅದರ ಮಾತೂ ಬರಲಿಲ್ಲ. ಡೈರಿ ಇರಲಿ, ಅದರ ಜೊತೆಗೆ ಇದು ಯಾರಿದ್ದ ಮನೆ, ಯಾವಾಗ ಏನಾಯಿತು ಎಂಬುದನ್ನು ಗೋಡೆಯ ಮೇಲೆ ನಾಲ್ಕು ಸಾಲು ಬರೆಸಬೇಕೆಂಬುದು ನನ್ನ ಆಗ್ರಹ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಈ ಮಾತೆತ್ತಿದೆ. “ಬರ್ಸಪ್ಪ, ನಾನೇ ಹೇಳ್ತೀನಿ, ಬರ್ಕೋ” ಎಂದು ಬೆರಳು ಮಡಚುತ್ತ ಮೂವರು ಸ್ವಾಮಿಗಳ ಹೆಸರು ಹೇಳಿದರು. ನಾಲ್ಕನೆಯ ಬೆರಳು ಹಿಡಿದು ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.