ಲೂಸೊಗೆ ಹೋದ ಮಂಡಿ

ನನ್ನ ಬಲ ಮಂಡಿಗೆ ಐವತ್ತೆಂಟು ವರ್ಷ. ಮೈಯ ಉಳಿದ ಭಾಗಗಳಿಗೂ ಅಷ್ಟೇ ವಯಸ್ಸು, ಆದರೆ ಅವು ಅದನ್ನು ಹೇಳಿಕೊಂಡು ತಿರುಗುವುದಿಲ್ಲ. ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿ ಓದುತ್ತಿರುವ ಮಗಳನ್ನು ನೋಡಿಬರಲು ಹೊರಟಾಗ ಈ ಮಂಡಿಯದ್ದೇ ಚಿಂತೆ. ಮಗಳು ಫೋನಿನಲ್ಲೇ ಪರಿಹಾರ ಹೇಳಿದಳು. "ಅಪ್ಪ, ಇಲ್ಲೇ ಹತ್ತಿರ ಲೂಸೊ ಅಂತ ಊರಿದೆ. ಬುಗ್ಗೆ ನೀರಿನ ಸ್ನಾನಕ್ಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ. ನಾಲ್ಕು ದಿನ ಇದ್ದು ಬನ್ನಿ, ಎಲ್ಲ ಬುಕ್ ಮಾಡಿದ್ದೀನಿ."

ಹೊರಡುವ ಮುಂಚೆ ಪಕ್ಕದ ಮನೆಯವರು ಎಲ್ಲಿಗೆ ಎಂದು ಕೇಳಿದರು. ಲೂಸೊ ಅಂದೆ. "ಯಾರು?" ಅಂದರು. ಅಲ್ಲಿಂದಾಚೆಗೆ ಯಾರು ಕೇಳಿದರೂ ಪೋರ್ಚುಗಲ್ ಅಂತಷ್ಟೇ ಹೇಳಿದೆ.

ಬಾಡಿಗೆಗೆ ಹಿಡಿದಿದ್ದು ಮೊದಲ ಮಹಡಿಯ ಸಣ್ಣ ಮನೆ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ಅಜ್ಜಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನಮಗೆ ಪೋರ್ಚುಗೀಸ್ ಬರುವುದಿಲ್ಲ. ಬಂದು ಹತ್ತೇ ನಿಮಿಷಕ್ಕೆ ನಾನು ಬಾಲ್ಕನಿ ಎಂದುಕೊಂಡು ಹೊರಬಾಗಿಲು ತೆರೆದು ನಿಂತೆ. ಹೆಂಡತಿ ಹಿಂದೆಯೇ ಬಂದಳು. ಗಾಳಿಗೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಬೀಗದ ಕೈ ಒಳಗೆ. ಇಬ್ಬರೂ ಬರಿಗಾಲಲ್ಲಿ ಹೊರಗೆ.

ಅಜ್ಜಿಗೆ ವಿವರಿಸಲು ನಾನು ಮೂಕಾಭಿನಯ ಶುರು ಮಾಡಿದೆ. ಬೆರಳು ತಿರುಗಿಸಿದೆ, ಬಾಗಿಲು ತೋರಿಸಿದೆ, ಕಿಸೆ ಹೊರಗೆಳೆದು ತೋರಿಸಿದೆ. ದುಡ್ಡು ಕಳೆದುಕೊಂಡಿದ್ದಾನೆ ಎಂದು ಅವರು ಮರುಗಿದರು. ನನ್ನ ಹೆಂಡತಿ ಕುಮಟಾದವಳು. ತಾಳ್ಮೆ ಕಳೆದು ಅವಳ ಊರಿನ ಮಾತಲ್ಲೇ ಗದರಿದಳು. "ಚಾವಿ! ಚಾವಿ ಒಳಗೆ!" ಅಜ್ಜಿಯ ಮುಖ ಅರಳಿತು. "ಆ, ಶಾವ್!" ಎಂದು ಒಳಗೆ ಓಡಿ ಇನ್ನೊಂದು ಬೀಗದ ಕೈ ತಂದರು.

ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಮಾತುಗಳು ಹೀಗೆ ಕೈಹಿಡಿಯುತ್ತವೆ ಎಂದು ಯಾರಿಗೆ ಗೊತ್ತಿತ್ತು? ಅವಳಿಗೆ ಧೈರ್ಯ ಬಂತು. ಸ್ನಾನದ ಮನೆಯಲ್ಲಿ ದೊಡ್ಡ ತೊಟ್ಟಿ ಇತ್ತು, ಬಕೆಟ್ ಇರಲಿಲ್ಲ. "ಬಾಲ್ದಿ" ಎಂದಳು. ಅಜ್ಜಿಗೆ ಅದೂ ತಿಳಿಯಿತು, ಅವರು ಬಾಲ್ದ್ ಅನ್ನುತ್ತಾರೆ. ಐದು ನಿಮಿಷದಲ್ಲಿ ಬಾಲ್ದಿ ಬಂತು, ಜೊತೆಗೆ ನೆಲ ಒರೆಸುವ ಕೋಲು ಮತ್ತು ಗಾಬರಿಗೊಂಡ ಅಜ್ಜಿ. ಏನೋ ಚೆಲ್ಲಿಕೊಂಡಿದ್ದಾರೆ ಎಂದುಕೊಂಡು ಮೂಲೆ ಮೂಲೆ ಹುಡುಕಿದರು. ಬಾಲ್ದಿಯಿಂದ ಚೊಂಬಿನಲ್ಲಿ ನೀರು ಮೊಗೆದು ಸ್ನಾನ ಮಾಡುತ್ತೇವೆ ಎಂದು ಹೇಳುವಷ್ಟು ಪೋರ್ಚುಗೀಸ್ ಕುಮಟಾದಲ್ಲಿ ಉಳಿದಿಲ್ಲ. ಒರೆಸಲಿ ಬಿಡಿ ಎಂದು ಸುಮ್ಮನಾದೆವು.

ಸ್ನಾನದ ಚಿಕಿತ್ಸೆಗೆ ಮೊದಲು ಅಲ್ಲಿನ ಡಾಕ್ಟರು ನೋಡಬೇಕು, ಅದು ಅಲ್ಲಿನ ಕ್ರಮ. ಮಗಳು ಗೊತ್ತು ಮಾಡಿದ್ದ ದಿನ ಮಂಗಳವಾರ. ನಾವು ಬಂದಿದ್ದು ಶನಿವಾರ. ಮಧ್ಯೆ ಎರಡು ದಿನ ಖಾಲಿ. ಮಂಡಿಗೆ ವಿಶ್ರಾಂತಿ ಕೊಡಿ ಎಂದು ಯಾರಾದರೂ ಹೇಳಬಹುದಿತ್ತು. ಯಾರೂ ಹೇಳಲಿಲ್ಲ.

ಬೆಳಗ್ಗೆ ಎದ್ದು ಊರ ಮಧ್ಯದ ಸಾವ್ ಜುವಾವ್ ಕಾರಂಜಿಗೆ ಹೋದೆವು. ಹನ್ನೊಂದು ಕೊಳವೆ. ಹನ್ನೊಂದರಿಂದಲೂ ಹಗಲೂ ರಾತ್ರಿ ನೀರು ಸುರಿಯುತ್ತಲೇ ಇರುತ್ತದೆ. ಪೋರ್ಚುಗಲ್‌ನ ಅಂಗಡಿಗಳಲ್ಲಿ ಬಾಟಲಿಗೆ ದುಡ್ಡು ಕೊಟ್ಟು ಕುಡಿಯುವ ಲೂಸೊ ನೀರಿನ ಊರು ಇದೇ, ಇಲ್ಲಿ ಮಾತ್ರ ಧರ್ಮಕ್ಕೆ. ಜನ ಕಾರಿನ ಡಿಕ್ಕಿ ತುಂಬ ಐದೈದು ಲೀಟರಿನ ಕ್ಯಾನು ತಂದು ತುಂಬಿಕೊಂಡು ಹೋಗುತ್ತಾರೆ. ಬೆಂಗಳೂರಿನಲ್ಲಿ ಟ್ಯಾಂಕರಿನವನಿಗೆ ಅಣ್ಣಾ, ತಮ್ಮಾ ಎಂದು ಬದುಕುವ ನನಗೆ ಇದನ್ನು ನೋಡಿ ನಿಲ್ಲಲಾಗಲಿಲ್ಲ. ನನ್ನ ಬಾಟಲಿ ತುಂಬಿದ ಮೇಲೆ ಕೈ ತಾನಾಗಿ ನಲ್ಲಿ ತಿರುಗಿಸಲು ಹೋಯಿತು. ತಿರುಗಿಸಲು ಏನೂ ಇಲ್ಲ. ಕೊಳವೆಯ ಕೆಳಗೆ, ಹಿಂದೆ, ಪಕ್ಕದಲ್ಲೆಲ್ಲ ತಡಕಿದೆ. ಹಿಂದೆ ನಿಂತಿದ್ದ ಮಹಿಳೆ ಏನೋ ಬಿದ್ದುಹೋಗಿದೆ ಎಂದು ಬಗ್ಗಿ ತಾವೂ ಹುಡುಕತೊಡಗಿದರು. ಬರುವಾಗ ಒಮ್ಮೆ ತಿರುಗಿ ನೋಡಿದೆ. ಸುರಿಯುತ್ತಲೇ ಇತ್ತು. ಆವತ್ತು ರಾತ್ರಿ ನಿದ್ದೆಯಲ್ಲೂ ಸುರಿಯಿತು.

ನೀರಿಗೆ ರುಚಿ ಇಲ್ಲ. ಇದರಲ್ಲಿ ಖನಿಜಾಂಶ ಬಹಳ ಕಮ್ಮಿ, ಅದೇ ಇದರ ಹೆಗ್ಗಳಿಕೆಯಂತೆ. ಏನೂ ಇಲ್ಲದಿರುವುದನ್ನೇ ಹೀಗೆ ಮಾರುವ ಕಲೆ ನಮಗೆ ಬಂದಿಲ್ಲ.

ಊರಿನ ನೆತ್ತಿಯ ಮೇಲೆಯೇ ಬುಸಾಕೊ ಕಾಡು. 260 ಎಕರೆಯಷ್ಟಿದೆ, ಸುತ್ತಲೂ ಗೋಡೆ. 1628ರಲ್ಲಿ ಕಾರ್ಮೆಲೈಟ್ ಸನ್ಯಾಸಿಗಳು ಇಲ್ಲಿ ಮಠ ಕಟ್ಟಲು ಶುರು ಮಾಡಿದರು. ಗೋಡೆ ಹಾಕಿ, ಮರ ನೆಟ್ಟು, ಮಾತು ಬಿಟ್ಟು ಕೂತರು. ಕೊಯಿಂಬ್ರಾ ಬಾಗಿಲು ಎಂಬ ದ್ವಾರದಲ್ಲಿ ಪೋಪ್ ಕೊಟ್ಟ ಎರಡು ಅಪ್ಪಣೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. 1643ರ ಅಪ್ಪಣೆ, ಇಲ್ಲಿ ಮರ ಕಡಿದವನಿಗೆ ಧರ್ಮದಿಂದಲೇ ಬಹಿಷ್ಕಾರ. ಅದಕ್ಕಿಂತ ಹಳೆಯದು, ಹೆಂಗಸರಿಗೆ ಪ್ರವೇಶವಿಲ್ಲ.

ಇದನ್ನು ಓದಿ ಹೇಳಿದ್ದು ನನ್ನ ತಪ್ಪು. "ಹಾಗಾದ್ರೆ ನೀವು ಹೋಗಿ ಬನ್ನಿ, ನಾನು ಕೆಳಗೆ ಕಾಫಿ ಕುಡೀತಾ ಕೂತಿರ್ತೀನಿ" ಎಂದು ಅವಳು ಆಗಲೇ ಹೊರಟಳು. ಮಠಗಳನ್ನೆಲ್ಲ 1834ರಲ್ಲೇ ಮುಚ್ಚಿಸಿದರು, ಆ ಕಾಯಿದೆ ಈಗ ಇಲ್ಲ ಎಂದು ನಡುದಾರಿಯಲ್ಲಿ ಇತಿಹಾಸ ಹೇಳಿ ಒಪ್ಪಿಸಬೇಕಾಯಿತು.

ಒಳಗೆ ಹಾದಿಗಳೋ ಹಾದಿಗಳು. ನೀರಿನ ಹಾದಿ, ಸೇನೆಯ ಹಾದಿ, ಶಿಲುಬೆಯ ಹಾದಿ. ನಾವು ನೀರಿನದ್ದು ಹಿಡಿದೆವು, ಮಂಡಿಗೆ ಮೃದುವಾಗಿರುತ್ತದೆ ಎಂದು. ಮರದೆತ್ತರದ ಜರಿಗಿಡಗಳಿರುವ ಕಣಿವೆ ದಾಟಿ ಫೋಂತ್ ಫ್ರಿಯಾ ಮುಂದೆ ನಿಂತೆವು. ಹಾಗೆಂದರೆ ತಣ್ಣನೆಯ ಬುಗ್ಗೆ. ಗುಡ್ಡದ ಮೇಲಿಂದ ನೀರು ಹಂತ ಹಂತವಾಗಿ ಇಳಿಯುತ್ತದೆ, ಎರಡೂ ಪಕ್ಕ ಕಲ್ಲಿನ ಮೆಟ್ಟಿಲು. 144 ಮೆಟ್ಟಿಲು. ನೀರಿಗೇನು, ಇಳಿಯುವುದು. ಹತ್ತಬೇಕಾದವರು ನಾವು. ನಲವತ್ತರವರೆಗೆ ಎಣಿಸಿದೆ. ಆಮೇಲೆ ಮಂಡಿಯೇ ಎಣಿಸತೊಡಗಿತು, ಟಕ್, ಟಕ್, ಟಕ್. ಹೆಂಡತಿ ತುದಿಯಲ್ಲಿ ನಿಂತು ಫೋಟೊ ತೆಗೆದಳು. ಅದರಲ್ಲಿ ನಾನು ಭಕ್ತಿಯಿಂದ ಕೈಮುಗಿದು ಬಗ್ಗಿದಂತೆ ಕಾಣುತ್ತೇನೆ. ಮಂಡಿ ಹಿಡಿದುಕೊಂಡಿದ್ದೆ, ಅಷ್ಟೆ.

ಮೇಲೆ ಒಂದು ದೊಡ್ಡ ಸೈಪ್ರಸ್ ಜಾತಿಯ ಮರವಿದೆ. ಮುನ್ನೂರೈವತ್ತು ವರ್ಷ ದಾಟಿದೆ ಅನ್ನುತ್ತಾರೆ. ಈ ಜಾತಿಗೆ ಇಂಗ್ಲಿಷಿನಲ್ಲಿ ಗೋವಾ ಸೀಡರ್ ಎಂಬ ಹೆಸರೂ ಇತ್ತು. ಗೋವಾದಿಂದ ಬಂದಿರಬೇಕು ಎಂದುಕೊಂಡಿದ್ದರು. ಲ್ಯಾಟಿನ್ ಹೆಸರು ಲೂಸಿಟಾನಿಕ, ಅಂದರೆ ಪೋರ್ಚುಗಲ್‌ನದು. ನಿಜವಾಗಿ ಮರದ ತವರು ಮೆಕ್ಸಿಕೊ. ಗೋವಾ ಎಂದು ಕೇಳಿದ್ದೇ ನನ್ನವಳು ಹತ್ತಿರ ಹೋಗಿ ತೊಗಟೆ ಸವರಿ, "ಪಾಪ, ನಮ್ಮ ಕಡೇದು" ಎಂದಳು. ಮೆಕ್ಸಿಕೊ ವಿಷಯ ಇವತ್ತಿಗೂ ಅವಳಿಗೆ ಹೇಳಿಲ್ಲ.

ಮಠಕ್ಕೆ ಅಂಟಿಕೊಂಡೇ ಒಂದು ಅರಮನೆ. ಇಟಲಿಯ ಲುಯಿಜಿ ಮನೀನಿ ಎಂಬಾತ ನಕ್ಷೆ ಹಾಕಿದ್ದು. ಆತ ನಾಟಕದ ರಂಗಸಜ್ಜಿಕೆಯವನು. ಅದು ನೋಡಿದರೇ ಗೊತ್ತಾಗುತ್ತದೆ, ಯಾವ ಕ್ಷಣದಲ್ಲಾದರೂ ಪರದೆ ಬಿದ್ದು ಕಲ್ಲಿನ ಬಳ್ಳಿಗಳನ್ನೆಲ್ಲ ಲಾರಿಗೆ ತುಂಬುತ್ತಾರೆ ಅನಿಸುತ್ತದೆ. 1888ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 1908ರಲ್ಲಿ ರಾಜನನ್ನು ಲಿಸ್ಬನ್‌ನಲ್ಲಿ ಕೊಂದರು, 1910ರಲ್ಲಿ ರಾಜಪಟ್ಟವೇ ಹೋಯಿತು. ಆಮೇಲೆ ಅದು ಹೋಟೆಲ್. ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರ ಕಷ್ಟ ಬೆಂಗಳೂರಿನವರಿಗೆ ಹೇಳಬೇಕೇ?

ನನಗೆ ಹಿಡಿಸಿದ್ದು ಪಕ್ಕದ ಬಡ ಮಠ. ಚಳಿ ತಡೆಯಲು ಬಾಗಿಲು, ಚಾವಣಿಗಳಿಗೆಲ್ಲ ಬಿರಡೆ ಮರದ ತೊಗಟೆ ಹೊದಿಸಿದ್ದಾರೆ. ಮುಟ್ಟಿದರೆ ಬೆಚ್ಚಗೆ, ತಟ್ಟಿದರೆ ಸದ್ದಿಲ್ಲ. ಅಲ್ಲೊಂದು ಪುಟ್ಟ ಕೋಣೆಯಲ್ಲಿ 1810ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಮಲಗಿದ್ದ. ಸೆಪ್ಟೆಂಬರ್ 27ರಂದು ಇದೇ ಬೆಟ್ಟದ ಏಣಿನ ಮೇಲೆ ನೆಪೋಲಿಯನ್‌ನ ಸೇನಾಪತಿ ಮಸೇನಾನನ್ನು ಸೋಲಿಸಿದ. ಸೈನ್ಯವನ್ನು ಏಣಿನ ಆಚೆ ಬಚ್ಚಿಟ್ಟು, ಫ್ರೆಂಚರು ಮಂಜಿನಲ್ಲಿ ಏದುಸಿರು ಬಿಡುತ್ತಾ ಹತ್ತಿ ಬಂದ ಮೇಲೆ ಹೊಡೆದ. ಫ್ರೆಂಚರ ಬಗ್ಗೆ ನನಗೆ ಆ ಹೊತ್ತಿನಲ್ಲಿ ಇದ್ದಷ್ಟು ಕನಿಕರ ಅವರ ಚಕ್ರವರ್ತಿಗೂ ಇದ್ದಿರಲಾರದು. ಮಸೇನಾ ಆಮೇಲೆ ಬೆಟ್ಟ ಬಳಸಿ ಬೇರೆ ದಾರಿಯಲ್ಲಿ ಹೋದನಂತೆ. "ಅದನ್ನ ಮೊದಲೇ ಮಾಡಬಹುದಿತ್ತಲ್ಲ?" ಎಂದಳು ಹೆಂಡತಿ. ಸರಿಯಾದ ಪ್ರಶ್ನೆ.

ನಾನು ಶ್ರೀರಂಗಪಟ್ಟಣದವನು. ಆ ಕೋಣೆಯ ಮುಂದೆ ನನ್ನ ಎದೆ ಸ್ವಲ್ಪ ಉಬ್ಬಿತು. "ಇವನು ನಮ್ಮೂರಲ್ಲಿ ಇದ್ದವನು ಕಣೇ. ಆಗ ಬರೀ ಕರ್ನಲ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ದರಿಯಾ ದೌಲತ್‌ನಲ್ಲೇ ಮನೆ ಮಾಡಿದ್ದ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮುತ್ತಿಗೆಯ ಸಮಯದಲ್ಲಿ, ಏಪ್ರಿಲ್ 5ರ ರಾತ್ರಿ, ಊರಾಚೆಯ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ ಕತ್ತಲಲ್ಲಿ ದಾರಿ ತಪ್ಪಿ ಒದ್ದಾಡಿದ್ದನ್ನೂ ಹೇಳಿದೆ. ಗುಂಡೊಂದು ತಗುಲಿತ್ತು, ಎಲ್ಲಿಗೆ ಗೊತ್ತಾ? ಮಂಡಿಗೆ. ಮೊದಲೇ ನೋಡಿ ಬಾರದ ಜಾಗಕ್ಕೆ ರಾತ್ರಿ ಹೊತ್ತು ಇನ್ನು ನುಗ್ಗುವುದಿಲ್ಲ ಎಂದು ಆಮೇಲೆ ಆಣೆ ಮಾಡಿಕೊಂಡ. ಅವಳು ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಆ ರಾತ್ರಿ ಊಟಕ್ಕೆ ಸೊಪ್ಪಿನ ಸೂಪು ತರಿಸಿದೆವು. ಇದು ಹಾಲು ಕುಡಿಯುವ ಹಂದಿಮರಿಯನ್ನು ಇಡಿಯಾಗಿ ಸುಡುವುದಕ್ಕೆ ಹೆಸರಾದ ಸೀಮೆ, ಸಸ್ಯಾಹಾರಿಗಳಿಗೆ ಸೂಪೇ ಗತಿ. ಎಳೆ ಎಳೆಯಾಗಿ ಹೆಚ್ಚಿದ ಸೊಪ್ಪು, ಬಟಾಟೆ, ತಳದಲ್ಲಿ ಒಂದು ಕೆಂಪು ಬಿಲ್ಲೆ. "ಗಜ್ಜರಿ ಇರ್ಬೇಕು" ಎಂದು ಚಮಚದಲ್ಲಿ ಎತ್ತಿದಳು. ಗಜ್ಜರಿಗೆ ಸಿಪ್ಪೆಯ ಬದಲು ಚರ್ಮ ಇತ್ತು. ಉಳಿದ ಮೂರು ದಿನ ಪಾವು, ಚೀಸು, ಮಗಳು ಕಟ್ಟಿಕೊಟ್ಟಿದ್ದ ಚಟ್ನಿಪುಡಿ.

ಸೋಮವಾರ ಶಿಲುಬೆಯ ಹಾದಿ. ಜೆರುಸಲೇಮಿನ ಹಾದಿಯ ಮಾದರಿಯಲ್ಲಿ ಮಾಡಿದ್ದು, ನಡುನಡುವೆ ಪುಟ್ಟ ಗುಡಿಗಳು, ಒಳಗೆ ಆಳೆತ್ತರದ ಮಣ್ಣಿನ ಬೊಂಬೆಗಳು. ತುತ್ತತುದಿಯಲ್ಲಿ ಕ್ರೂಜ್ ಆಲ್ತಾ, ಎತ್ತರದ ಶಿಲುಬೆ, ಸಮುದ್ರಮಟ್ಟದಿಂದ ಸುಮಾರು 550 ಮೀಟರ್. ಆಕಾಶ ತಿಳಿಯಾಗಿದ್ದರೆ ಅಟ್ಲಾಂಟಿಕ್ ಕಾಣುತ್ತದೆ. ನಮಗೆ ಮೋಡ ಕಂಡಿತು. ಅದೂ ಚೆನ್ನಾಗಿತ್ತು.

ಇಳಿಯುವಾಗ ಬಂದ ದಾರಿಯಲ್ಲೇ ಹೋಗಬಾರದು ಎಂದು ಯಾಕನ್ನಿಸಿತೋ! ಗೋಡೆಯ ಹೊರಗಿನ ಕಾಲುದಾರಿ ಹಿಡಿದೆ. ಪೋರ್ಚುಗಲ್‌ನಲ್ಲಿ ನಡೆಯುವವರ ಹಾದಿಗೆ ಹಳದಿ ಕೆಂಪು ಗೀಟು ಬಳಿದಿರುತ್ತಾರೆ. ಸ್ವಲ್ಪ ದೂರದಲ್ಲಿ ಮರವೊಂದರ ಮೇಲೆ ಎರಡೂ ಬಣ್ಣ ಅಡ್ಡಡ್ಡ ಹಾಯ್ದು ಗುಣಿಸು ಚಿಹ್ನೆಯಂತೆ ಕಂಡಿತು. "ನೋಡು, ಎಷ್ಟು ಎದ್ದು ಕಾಣೋ ಹಾಗೆ ಗುರುತು ಮಾಡಿದಾರೆ" ಎಂದು ಆ ಕಡೆಗೇ ತಿರುಗಿದೆ. ನಲವತ್ತು ನಿಮಿಷ ನಡೆದೆವು. ಗೀಟುಗಳು ಮತ್ತೆ ಕಾಣಲಿಲ್ಲ. ನಾಲ್ಕೂ ಕಡೆ ನೀಲಗಿರಿ ಮರ, ಥೇಟ್ ಕೋಲಾರದ ತೋಪು. ಫೋನಿಗೆ ಸಿಗ್ನಲ್ ಇಲ್ಲ. ಮಂಡಿ ಮಾತಾಡುವುದನ್ನು ನಿಲ್ಲಿಸಿ ಕಿರುಚುತ್ತಿತ್ತು.

ಹೆಂಡತಿ ಒಂದು ಕಲ್ಲಿನ ಮೇಲೆ ಕೂತಳು. ನೀರು ಕುಡಿದಳು. ನಿಧಾನಕ್ಕೆ ಮುಚ್ಚಳ ಹಾಕಿದಳು. ಆಮೇಲೆ ಕೇಳಿದಳು. "ಅಲ್ಲಾ ರೀ, ನಿಮ್ಮೂರಿನ ನೀರು ಕುಡಿದವರೆಲ್ಲ ತೋಪಲ್ಲಿ ದಾರಿ ತಪ್ಪಲೇಬೇಕಾ?"

ಕೊನೆಗೆ ಪಿಕಪ್ ಗಾಡಿಯಲ್ಲಿ ಸೌದೆ ತುಂಬುತ್ತಿದ್ದ ಮುದುಕರೊಬ್ಬರು ಸಿಕ್ಕರು. ನಾನು ಗೀಟುಗಳ ಗುರುತನ್ನು ಕೈಯಲ್ಲೇ ಗುಣಿಸು ಮಾಡಿ ತೋರಿಸಿ, ಇದನ್ನು ನೋಡಿಯೇ ಬಂದೆವು ಎಂದೆ. ಅವರು ತಮ್ಮ ತೋಳುಗಳನ್ನೂ ಹಾಗೇ ಅಡ್ಡ ಕಟ್ಟಿ, ಜೋರಾಗಿ ತಲೆಯಾಡಿಸಿ, ನಾನು ಬಂದ ದಾರಿಯ ಕಡೆ ಬೆರಳು ತೋರಿಸಿದರು. ಸಮಾನಾಂತರ ಗೀಟು ಅಂದರೆ ಸರಿ ದಾರಿ, ಅಡ್ಡ ಗೀಟು ಅಂದರೆ ಈ ಕಡೆ ಬರಬೇಡ. ಜಗತ್ತಿನಲ್ಲಿ ಎಲ್ಲೆಡೆ ಇಂಟು ಹಾಕಿದರೆ ತಪ್ಪು ಎಂದೇ ಅರ್ಥ. ಮೂವತ್ತು ವರ್ಷ ಮೇಷ್ಟ್ರಾಗಿ ಮಕ್ಕಳ ಉತ್ತರಪತ್ರಿಕೆ ತುಂಬ ಅದನ್ನೇ ಹಾಕಿದವನು ನಾನು.

ಅವರೇ ನಮ್ಮನ್ನು ಸೌದೆಯ ಜೊತೆ ಕೂರಿಸಿಕೊಂಡು ಊರಿಗೆ ಬಿಟ್ಟರು. ದುಡ್ಡು ಮುಟ್ಟಲಿಲ್ಲ.

ಮಂಗಳವಾರ ಡಾಕ್ಟರ ಮುಂದೆ ಕೂತೆ. ಮಂಡಿ ಬನ್ನಿನಷ್ಟು ಊದಿತ್ತು. ಅವರು ಒತ್ತಿ ನೋಡಿದರು. ನಾನು ಬಾಯಿ ಮುಚ್ಚಿಕೊಂಡು ಚಾವಣಿ ನೋಡಿದೆ. ಎಷ್ಟು ದಿನದಿಂದ ಊತ ಎಂದರು. ಇಲ್ಲಿಗೆ ಬಂದ ಮೇಲೆ ಎಂದೆ. ಏನೇನು ಮಾಡಿದಿರಿ ಎಂದರು. ಫೋಂತ್ ಫ್ರಿಯಾ, ಕ್ರೂಜ್ ಆಲ್ತಾ, ನೀಲಗಿರಿ ತೋಪು, ಎಲ್ಲ ಹೇಳಿದೆ. ಪೆನ್ನು ಕೆಳಗಿಟ್ಟರು. ಊತ ಇಳಿಯುವವರೆಗೆ ಮಸಾಜು ಗಿಸಾಜು ಬೇಡ, ಬೇಕಿದ್ದರೆ ಕೊಳದಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ಬನ್ನಿ ಎಂದರು. ಸರಿ, ಹೋದೆ. ಬಾಗಿಲಲ್ಲೇ ತಡೆದರು, ಟೋಪಿ ಇಲ್ಲದೆ ನೀರಿಗಿಳಿಯುವಂತಿಲ್ಲ. ಕೂದಲು ನೀರಿಗೆ ಬೀಳಬಾರದಲ್ಲ! ನಾನು ತಲೆ ಬಗ್ಗಿಸಿ ತೋರಿಸಿದೆ. ಅಲ್ಲಿ ಬೀಳಲು ಏನೂ ಉಳಿದಿಲ್ಲ. ಆ ಹುಡುಗಿ ಗಂಭೀರವಾಗಿ ನೋಡಿ, ಟೋಪಿ ಕೊಳ್ಳುವ ಜಾಗ ತೋರಿಸಿದಳು.

ಬುಧವಾರ ಕೊಯಿಂಬ್ರಾಕ್ಕೆ ವಾಪಸು. ಹೊರಡುವ ಮುನ್ನ ಹೆಂಡತಿ ಅಜ್ಜಿಯಿಂದ ಎರಡು ಕ್ಯಾನು ಇಸ್ಕೊಂಡು ಕಾರಂಜಿಯಲ್ಲಿ ನೀರು ತುಂಬಿದಳು. ಐದೈದು ಲೀಟರ್. ಪುಕ್ಕಟೆ ಸುರಿಯುವುದನ್ನು ಬಿಟ್ಟು ಬರಲು ಅವಳಿಗೂ ಮನಸ್ಸಾಗಲಿಲ್ಲ. ಹೊತ್ತವನು ನಾನು. ಬಸ್ಸಿನವರೆಗೆ, ಬಸ್ಸಿನಿಂದ, ಆಮೇಲೆ ಹಳೇ ಪೇಟೆಯ ಆ ಕಡಿದಾದ ಮೆಟ್ಟಿಲುಗಳ ಬುಡದವರೆಗೆ. ಮಗಳ ರೂಮು ಅದರ ಮೇಲ್ತುದಿಯಲ್ಲಿದೆ. ಮೆಟ್ಟಿಲ ಸಾಲಿಗೆ ಒಂದು ಹೆಸರೂ ಇದೆ, ಕೆಬ್ರಾ ಕೋಸ್ತಾಶ್. ಅರ್ಥ ಏನೇ ಎಂದು ಮಗಳನ್ನು ಕೇಳಿದೆ.

"ಬೆನ್ನು ಮುರಿ ಅಂತ, ಅಪ್ಪ. ಮಂಡಿ ಬಗ್ಗೆ ಏನೂ ಇಲ್ಲ, ಬನ್ನಿ."